ಓಣಿಗೆ ಇಳಿದ ಮೆಟ್ಟಿಲು

ಪಂಚಾಯಿತಿಯವರು ನನ್ನ ಗೋಡೆಗೆ ನೋಟಿಸ್ ಅಂಟಿಸಿ ಹೋದ ದಿನ, ಅದನ್ನು ಓದುವುದಕ್ಕೆ ಮೊದಲು ನಾನು ಪಕ್ಕದಲ್ಲೇ ಇರುವ ನನ್ನ ಅಕ್ಕನ ಗೋಡೆ ನೋಡಿದೆ. ಅಲ್ಲಿ ಏನೂ ಇರಲಿಲ್ಲ. ಸಮಾಧಾನವಾಗದೆ ರಸ್ತೆಯ ಕಡೆಯಿಂದ ಸುತ್ತಿ ಹೋಗಿ ಅವಳ ಮುಂಬಾಗಿಲನ್ನೂ ನೋಡಿ ಬಂದೆ. ಹೊಸ್ತಿಲಲ್ಲಿ ರಂಗೋಲಿಯಿತ್ತು, ಮೆಟ್ಟಿಲ ಎರಡೂ ಬದಿ ಡೇಲಿಯಾ ಹೂವಿತ್ತು, ಬೆಂಗಳೂರಿನ ನಂಬರಿನ ಕಾರುಗಳು ನಿಂತಿದ್ದವು. ನೋಟಿಸ್ ಮಾತ್ರ ಇರಲಿಲ್ಲ. ಆಮೇಲೆ ವಾಪಸು ಬಂದು ನನ್ನದನ್ನು ಓದಿದೆ.

ಓಣಿಯ ಕಡೆಗಿರುವ ನನ್ನ ಹೊರಮೆಟ್ಟಿಲು ಮಂಜೂರಾದ ನಕ್ಷೆಯಲ್ಲಿ ಇಲ್ಲ, ಬಿಡಬೇಕಾದ ಜಾಗ ಬಿಟ್ಟಿಲ್ಲ, ನಾನಾಗಿ ತೆಗೆಯದಿದ್ದರೆ ಅವರೇ ತೆಗೆಸುತ್ತಾರೆ ಎಂದಿತ್ತು. ಆ ಮೆಟ್ಟಿಲು ಹೋದರೆ ಮೇಲಿನ ಮನೆಗೆ ದಾರಿಯೇ ಇಲ್ಲ. ಮೇಲಿನ ಮನೆ ಎಂದರೆ ಎರಡು ಕೋಣೆ, ಅಲ್ಲಿ ನನ್ನ ಹೊಲಿಗೆ ತರಗತಿ. ಮೂಡಿಗೆರೆಯ ಸುತ್ತಮುತ್ತಲಿನ ಊರುಗಳಿಂದ, ಎಸ್ಟೇಟಿನ ಕೂಲಿ ಲೈನ್‌ಗಳಿಂದ ಹೆಣ್ಣುಮಕ್ಕಳು ಬಸ್ಸಿಳಿದು ಬಂದು ಬ್ಲೌಸ್ ಕಟಿಂಗ್ ಕಲಿಯುತ್ತಾರೆ. ಈ ಊರಿನಲ್ಲಿ ನನ್ನನ್ನು ಟೀಚರ್ ಎಂದು ಕರೆಯುವ ಜಾಗ ಅದೊಂದೇ. ಕೆಳಗಿಳಿದು ರಸ್ತೆಗೆ ಬಂದರೆ ನಾನು ಅಕ್ಕನ ತಂಗಿ. ‘ಓ, ಅವರ ತಂಗಿಯಲ್ವಾ ನೀವು’ ಎಂದು ತರಕಾರಿ ಅಂಗಡಿಯವನೂ ಕೇಳುತ್ತಾನೆ.

ಇದು ಅಪ್ಪನ ಮನೆ. ಅಪ್ಪ ಶಾಲೆಯ ಮೇಷ್ಟ್ರಾಗಿದ್ದವರು. ಗಂಡುಮಕ್ಕಳಿಲ್ಲ, ನಾವಿಬ್ಬರೇ. ಉದ್ದಕ್ಕಿದ್ದ ಹಂಚಿನ ಮನೆಯ ಒಂದು ತುದಿ ಪೇಟೆಯ ರಸ್ತೆಗೆ, ಇನ್ನೊಂದು ತುದಿ ಓಣಿಗೆ ಮುಖ ಮಾಡಿತ್ತು. ನಮ್ಮ ಕಡೆ ಪಾಲಾಗುವಾಗ ದೊಡ್ಡವರು ಪಾಲು ಮಾಡಬೇಕು, ಚಿಕ್ಕವರು ಆರಿಸಿಕೊಳ್ಳಬೇಕು. ಹಾಗೆ ಮಾಡಿದರೆ ಪಾಲು ಮಾಡುವವರ ಕೈ ನೆಟ್ಟಗಿರುತ್ತದೆ. ಅಕ್ಕ ಮನೆಯ ನಡುವೆ ಸುಣ್ಣದ ಗೆರೆ ಎಳೆದು ನನ್ನ ಮುಖ ನೋಡಿದಳು. ನಾನು ಓಣಿಯ ಕಡೆಯದು ಬೇಕೆಂದೆ. ಆರಿಸಿದವಳು ನಾನೇ ಆದ್ದರಿಂದ ಈಗ ಯಾರನ್ನೂ ಬೈಯುವಂತಿಲ್ಲ. ಅನ್ಯಾಯವಾಗಿದ್ದರೆ ಬಾಯಿ ತುಂಬ ಜಗಳವಾಡಬಹುದಿತ್ತು. ಆ ಸುಖವೂ ನನಗೆ ಸಿಗಲಿಲ್ಲ.

ಆರಿಸುವಾಗ ನನ್ನದೊಂದು ಲೆಕ್ಕವಿತ್ತು. ಸೂರಿನ ನೀರು ಬೀಳುವಷ್ಟು ಜಾಗ ಮನೆಗೇ ಸೇರಿದ್ದು ಎಂದು ಅಪ್ಪ ಹೇಳುತ್ತಿದ್ದರು. ಅವರಷ್ಟೇ ಅಲ್ಲ, ಹಂಚಿನ ಮನೆಯಲ್ಲಿ ಹುಟ್ಟಿ ಬೆಳೆದವರೆಲ್ಲ ಹಾಗೇ ಹೇಳುತ್ತಾರೆ. ಓಣಿಯ ಕಡೆ ನಮ್ಮ ಸೂರು ಉದ್ದಕ್ಕೆ ಚಾಚಿಕೊಂಡಿತ್ತು. ಪ್ರತಿ ಮಳೆಗಾಲವೂ ಹನಿ ಒಂದೇ ಕಡೆ ಬಿದ್ದು ಬಿದ್ದು ಕೆಳಗಿನ ಕಲ್ಲುಚಪ್ಪಡಿಯಲ್ಲಿ ಸಾಲಾಗಿ ಕುಳಿ ಬಿದ್ದಿತ್ತು. ಚಿಕ್ಕಂದಿನಲ್ಲಿ ನಾನು, ಅಕ್ಕ ಆ ಕುಳಿಗಳಲ್ಲಿ ಹುಣಸೆಬೀಜ ಹಾಕಿ ಆಡಿದ್ದೆವು. ಕುಳಿಗಳ ಸಾಲಿನವರೆಗೂ ಹಿಡಿದರೆ ನನ್ನ ಪಾಲು ಅಕ್ಕನ ಪಾಲಿಗಿಂತ ಒಂದು ಮಾರು ಹೆಚ್ಚಾಗುತ್ತಿತ್ತು. ಅದು ಅವಳಿಗೆ ಹೊಳೆದಿಲ್ಲ ಎಂದುಕೊಂಡು ಒಳಗೊಳಗೇ ಹಿಗ್ಗಿದೆ. ರಸ್ತೆಯ ಕಡೆ ಆಗ ಬರೀ ಕಾಫಿ ಲಾರಿಗಳ ಧೂಳು, ಅದು ಅವಳಿಗೇ ಇರಲಿ ಎಂದುಕೊಂಡೆ.

ಮೊದಲು ಅಕ್ಕ ತನ್ನ ಅರ್ಧವನ್ನು ಕೆಡವಿ ತಾರಸಿ ಮನೆ ಕಟ್ಟಿದಳು. ಇರುವ ಜಾಗವನ್ನೆಲ್ಲ ಬಳಸದೆ, ನಮ್ಮಿಬ್ಬರ ನಡುಗೋಡೆಯ ಕಡೆ ಬಿಟ್ಟು ಉಳಿದ ಮೂರು ಕಡೆ ಒಳಕ್ಕೆ ಸರಿದು ಪಾಯ ತೋಡಿಸಿದ್ದನ್ನು ನೋಡಿ ನನಗೆ ನಗು ಬಂತು. ಸ್ವಂತ ಜಾಗವನ್ನು ಬೀದಿನಾಯಿ ಓಡಾಡಲು ಬಿಟ್ಟಿದ್ದಾಳೆ ಎಂದು ಆಡಿಕೊಂಡೆ. ಆಮೇಲೆ ಗೃಹಪ್ರವೇಶಕ್ಕೆ ಹೋಗಿ ಅವಳ ಹಾಲ್ ನೋಡಿದೆ, ನಗು ನಿಂತುಹೋಯಿತು. ಅಷ್ಟು ಬೆಳಕು ನಮ್ಮ ಮನೆಯಲ್ಲಿ ಎಲ್ಲಿಂದ ಬಂತು ಎನಿಸುವ ಹಾಗಿತ್ತು. ಆಮೇಲಾಮೇಲೆ ದೇವರಮನೆ ಬೆಟ್ಟ ನೋಡಬೇಕು, ಕಳಸಕ್ಕೆ ಹೋಗಬೇಕು ಎಂದು ಜನ ಕಾರು ಹತ್ತಿ ಬರತೊಡಗಿದರು. ಧೂಳಿನ ರಸ್ತೆ ಬಂಗಾರದ ರಸ್ತೆಯಾಯಿತು. ಅಕ್ಕನ ಮೇಲಿನ ಕೋಣೆಗಳು ಶನಿವಾರ, ಭಾನುವಾರ ಖಾಲಿ ಇರುವುದೇ ಇಲ್ಲ. ಭಾವ ಜಾವಳಿಯ ಕಡೆ ಇರುವ ಸಣ್ಣ ಕಾಫಿ ತೋಟ ನೋಡಿಕೊಳ್ಳುತ್ತಾರೆ, ಇಲ್ಲಿನದೆಲ್ಲ ಇವಳೇ. ಬಂದವರೆಲ್ಲ ಇವಳ ನೀರುದೋಸೆ ಹೊಗಳಿ ಹೋಗುತ್ತಾರೆ. ಆ ದೋಸೆಯ ಹದ ಅವಳಿಗೆ ಹೇಳಿಕೊಟ್ಟವಳು ನಾನು. ಡೇಲಿಯಾ ಕೂಡ ಒಂದೇ ಗಡ್ಡೆ ಒಡೆದು ಇಬ್ಬರೂ ನೆಟ್ಟದ್ದು. ಅವಳ ಕಡೆ ಊಟದ ತಟ್ಟೆಯಷ್ಟು ಅಗಲ ಹೂ ಬಿಡುತ್ತದೆ, ನನ್ನ ಕಡೆ ಬರೀ ಎಲೆ.

ಆಮೇಲೆ ನಾನೂ ನನ್ನ ಅರ್ಧ ಕೆಡವಿ ತಾರಸಿ ಮನೆ ಕಟ್ಟಿಸಿದಾಗ ನಕ್ಷೆಯಲ್ಲಿ ಮೆಟ್ಟಿಲು ಮನೆಯ ಒಳಗೇ ಇತ್ತು. ಅದು ಹಾಲಿನ ಒಂದು ಮೂಲೆ ತಿನ್ನುತ್ತಿತ್ತು. ಹಾಗೆ ಕಟ್ಟಿದ್ದರೆ ನನ್ನ ಹಾಲ್ ಅಕ್ಕನದಕ್ಕಿಂತ ಚಿಕ್ಕದಾಗುತ್ತಿತ್ತು. ಅದೊಂದನ್ನು ತಡೆಯಲಾರದೆ ಮೆಟ್ಟಿಲನ್ನು ಹೊರಗೆ ಹಾಕಿಸಿದೆ. ಎಲ್ಲಿಯವರೆಗೆ ಬರಬಹುದು ಎಂದು ಮೇಸ್ತ್ರಿ ಕೇಳಿದಾಗ ಚಪ್ಪಡಿಯ ಕುಳಿಗಳ ಸಾಲು ತೋರಿಸಿದೆ. ಆತನೂ ಈ ಕಡೆಯವನೇ, ಸೂರಿನ ನೀರಿನ ಮಾತು ಕೇಳಿ ಬೆಳೆದವನು. ತಲೆಯಾಡಿಸಿ ದಾರ ಕಟ್ಟಿದ. ಬ್ಲೌಸಿನ ತೋಳಿಗೆ ಕಾಲಂಗುಲ ಹೆಚ್ಚುಕಡಿಮೆಯಾದರೆ ಹುಡುಗಿಯರಿಂದ ಬಿಚ್ಚಿಸಿ ಹೊಲಿಸುವ ನಾನು, ಸ್ವಂತ ಮನೆಯನ್ನು ಮಳೆಹನಿಯಿಂದ ಅಳೆದು ಕಟ್ಟಿದೆ.

ನೋಟಿಸ್ ಓದಿದ ಮೇಲೆ ಇದು ಅಕ್ಕನದೇ ಕೆಲಸ ಎಂದು ತೀರ್ಮಾನಿಸಿದೆ. ನನ್ನ ತರಗತಿಗೆ ಜನ ಹೆಚ್ಚಾದದ್ದು ಅವಳ ಕಣ್ಣಿಗೆ ಬಿದ್ದಿದೆ, ಸಹಿಸಲಾಗದೆ ದೂರು ಕೊಟ್ಟಿದ್ದಾಳೆ. ಹಾಗೆ ಯೋಚಿಸುವಾಗ ಮನಸ್ಸಿಗೆ ಹಿತವೇ ಆಗುತ್ತಿತ್ತು ಎನ್ನಬೇಕು. ಅಕ್ಕನಿಗೆ ನನ್ನ ಮೇಲೆ ಹೊಟ್ಟೆಕಿಚ್ಚು ಎಂದರೆ ಅದಕ್ಕಿಂತ ದೊಡ್ಡ ಮರ್ಯಾದೆ ಯಾವುದಿದೆ.

ನಮ್ಮ ಮನೆಯವರು ಕಳಸದ ಕಡೆ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು, ವಾರಕ್ಕೊಮ್ಮೆ ಮನೆಗೆ ಬರುತ್ತಾರೆ. ಆ ಭಾನುವಾರ ಅವರು ಚಪ್ಪಲಿ ಬಿಡುವ ಮೊದಲೇ ಎಲ್ಲ ಹೇಳಿದೆ.

“ಅತ್ತಿಗೆ ದೂರು ಕೊಟ್ರು ಅಂತ ನಿಂಗೆ ಯಾರು ಹೇಳಿದ್ದು?” ಎಂದರು.

“ಯಾರು ಹೇಳ್ಬೇಕು? ನಂಗೆ ಗೊತ್ತಾಗಲ್ವಾ?”

“ನೀನಾಗಿದ್ರೆ ಕೊಡ್ತಿದ್ದೆ, ಅದಕ್ಕೆ ಗೊತ್ತಾಗ್ತದೆ” ಎಂದು ಹೇಳಿ ಸ್ನಾನಕ್ಕೆ ಹೋದರು. ಈ ಮನುಷ್ಯನ ಜೊತೆ ಇಷ್ಟು ವರ್ಷ ಬಾಳಿದ್ದೇನೆ.

ಸೋಮವಾರ ಪಂಚಾಯಿತಿ ಕಚೇರಿಗೆ ಹೋದೆ. ಅಲ್ಲಿನ ಎಂಜಿನಿಯರ್ ಇನ್ನೂ ಚಿಕ್ಕ ವಯಸ್ಸಿನವರು, ಮೆತ್ತಗೆ ಮಾತಾಡುತ್ತಾರೆ. ಕೂರಲು ಕುರ್ಚಿ ಕೊಟ್ಟರು. ದೂರು ಕೊಟ್ಟವರ ಹೆಸರು ನನಗೆ ಗೊತ್ತು, ನಿಮ್ಮ ಬಾಯಿಂದ ಒಮ್ಮೆ ಕೇಳಬೇಕಷ್ಟೆ ಎಂದೆ.

“ಯಾರೂ ದೂರು ಕೊಟ್ಟಿಲ್ಲ ಅಮ್ಮ. ಓಣಿಗೆ ಚರಂಡಿ ಮಾಡ್ತಿದೀವಲ್ಲ, ಓಣಿ ಕಡೆ, ರಸ್ತೆ ಕಡೆ ಎಲ್ಲಾ ಮನೆ ಅಳತೆ ಮಾಡಿದ್ವಿ. ನಿಮ್ಮದು ಮಾತ್ರ ಹೊರಗೆ ಬಂದಿದೆ.”

“ನಮ್ಮ ಅಕ್ಕಂದು?”

“ಅವರದು ಸರಿ ಇದೆ. ಬಿಡಬೇಕಾದ್ದಕ್ಕಿಂತ ಜಾಸ್ತಿನೇ ಬಿಟ್ಟಿದಾರೆ.”

ಅಕ್ಕ ದೂರನ್ನಾದರೂ ಕೊಟ್ಟಿರಬಾರದಿತ್ತೇ ಎನಿಸಿತು. ಸೂರಿನ ನೀರಿನ ವಿಷಯ ಹೇಳಿದೆ, ಅಪ್ಪನ ಮಾತು ಹೇಳಿದೆ, ಮೆಟ್ಟಿಲ ಅಡಿಯ ಚಪ್ಪಡಿಯಲ್ಲಿ ಈಗಲೂ ಕುಳಿಗಳಿವೆ ಎಂದೆ. ಅವರು ನಗಲಿಲ್ಲ. “ನಮ್ಮೂರಲ್ಲೂ ಹಾಗೇ ಹೇಳ್ತಾರೆ ಅಮ್ಮ. ಆದ್ರೆ ಅದು ನೀರು ಬೀಳೋಕೆ ಬಿಟ್ಟ ಜಾಗ, ಕಟ್ಟೋಕಲ್ಲ. ನಿಮ್ಮ ಕೆಳಗಿನ ಎರಡು ಮೆಟ್ಟಿಲು ಓಣಿ ಮೇಲೇ ನಿಂತಿದೆ. ಮನೆ ಅಂಗಳದಲ್ಲಿ ಸ್ವಲ್ಪ ಹೆಚ್ಚುಕಡಿಮೆ ಆಗಿದ್ರೆ ದಂಡ ಕಟ್ಟಿಸಿಕೊಂಡು ಸರಿ ಮಾಡಬಹುದಿತ್ತು. ಸಾರ್ವಜನಿಕ ಜಾಗ ಅಂದ್ರೆ ನನ್ನ ಕೈಲೂ ಏನೂ ಇಲ್ಲ” ಎಂದರು. ಮಳೆಗಾಲಕ್ಕೆ ಮೊದಲು ಚರಂಡಿ ಮುಗಿಯಬೇಕು, ಅಷ್ಟರೊಳಗೆ ತೆಗೆಸಿ ಎಂದು ಕೇಳಿಕೊಂಡರು.

ಬಸ್ ಸ್ಟ್ಯಾಂಡ್ ದಾಟಿ ಮನೆಗೆ ಬರುವವರೆಗೂ ನನ್ನ ತಲೆಯಲ್ಲಿ ಮೆಟ್ಟಿಲಿರಲಿಲ್ಲ. ‘ಜಾಸ್ತಿನೇ ಬಿಟ್ಟಿದಾರೆ’ ಎಂಬ ಆ ಒಂದು ಮಾತು ಕೊರೆಯುತ್ತಿತ್ತು. ಅವರು ಅಳೆಯುವಾಗ ಏನೋ ತಪ್ಪಾಗಿರಬೇಕು. ಯಾರ ಮನೆಯೂ ಅಷ್ಟು ಸರಿಯಾಗಿರಲು ಸಾಧ್ಯವಿಲ್ಲ. ಊಟ ಮಾಡಿ, ಅಕ್ಕ ಮಲಗುವ ಹೊತ್ತು ನೋಡಿಕೊಂಡು, ಕೊರಳಿಗೆ ಹಾಕಿಕೊಳ್ಳುವ ಹೊಲಿಗೆ ಟೇಪನ್ನೇ ಹಿಡಿದು ಅವಳ ಕಾಂಪೌಂಡಿನ ಒಳಗೆ ಹೋದೆ.

ಹೊಲಿಗೆ ಟೇಪಿನಲ್ಲಿ ಸೊಂಟ ಅಳೆಯಬಹುದು, ಮನೆ ಅಳೆಯುವುದು ಕಷ್ಟ. ಗೋಡೆಗೆ ಒಂದು ತುದಿ ಒತ್ತಿ ಹಿಡಿದು ಇನ್ನೊಂದು ತುದಿ ಎಳೆದರೆ ಮೊದಲಿನದು ಜಾರುತ್ತದೆ. ಕಲ್ಲು ಇಟ್ಟೆ, ಕಲ್ಲೂ ಉರುಳಿತು. ಮಂಡಿಯೂರಿ ಕುಳಿತು, ಸೆರಗು ಸಿಕ್ಕಿಸಿಕೊಂಡು, ಬೆರಳಿಟ್ಟು ಗುರುತು ಮಾಡಿಕೊಳ್ಳುತ್ತಾ ಮುಂದೆ ಹೋಗುತ್ತಿದ್ದಾಗ ಮೇಲಿಂದ ದನಿ ಬಂತು. ಅಕ್ಕ ಮಲಗಿರಲಿಲ್ಲ. ತಾರಸಿಯಲ್ಲಿ ಅತಿಥಿಗಳ ಹಾಸಿಗೆ ಬಟ್ಟೆ ತೆಗೆಯುತ್ತಿದ್ದಳು. ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ.

“ಆ ಟೇಪು ಸಾಲಲ್ಲ ಮಾರಾಯ್ತಿ. ತಾಳು, ಭಾವಂದು ಕಬ್ಬಿಣದ್ದಿದೆ, ತರ್ತೀನಿ.”

ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅವಳು ನಿಜವಾಗಿಯೂ ಕಬ್ಬಿಣದ ಟೇಪು ತಂದು, ಒಂದು ತುದಿ ನನ್ನ ಕೈಗೆ ಕೊಟ್ಟು, ತಾನು ಹೋಗಿ ಗೋಡೆಗೆ ಇನ್ನೊಂದು ತುದಿ ಹಿಡಿದಳು. “ಸರಿಯಾಗಿ ನೋಡು, ಎಷ್ಟಿದೆ?” ಎಂದಳು. ನೋಡಿದೆ. ಬೇಕಾದ್ದಕ್ಕಿಂತ ಒಂದು ಗೇಣು ಹೆಚ್ಚಿತ್ತು. ಇದೆ ಎಂದಷ್ಟೇ ಹೇಳಿದೆ. “ಆ ಕಡೆನೂ ನೋಡ್ಬಿಡುವ, ನಿಂಗೆ ಸಮಾಧಾನ ಆಗ್ಲಿ” ಎಂದು ಮೂರೂ ಕಡೆ ಪೂರಾ ಅಳೆಸಿದಳು. ಎಲ್ಲೂ ಒಂದು ಬೆರಳಿನಷ್ಟು ತಪ್ಪು ಸಿಗಲಿಲ್ಲ. ಒಂದು ಬದಿಯಲ್ಲಿ ತೆಂಗಿನ ಗರಿ ಒಟ್ಟಿದ್ದಳು, ಅದನ್ನೇ ನೋಡಿ ಮುಖ ಸಿಂಡರಿಸಿದೆ.

ಕೊನೆಗೆ ನೋಟಿಸ್ ವಿಷಯ ನಾನೇ ಹೇಳಿದೆ. ಅವಳಿಗೆ ಗೊತ್ತಿತ್ತು.

“ಅಪ್ಪ ಅಂದಿದ್ದು ಹಂಚಿನ ಮನೆಗೆ ಅಲ್ವಾ” ಎಂದಳು. “ತಾರಸಿ ನೀರು ಪೈಪಲ್ಲಿ ಹೋಗ್ತದೆ. ಇನ್ನು ಸೂರೆಲ್ಲಿ, ನೀರೆಲ್ಲಿ?”

“ಆಗ್ಲೇ ಹೇಳ್ಬೇಕಿತ್ತು.”

“ಹೇಳಿದ್ರೆ ನೀನು ಕೇಳ್ತಿದ್ಯಾ? ಹೊಟ್ಟೆಕಿಚ್ಚಿಗೆ ಹೇಳ್ತಾಳೆ ಅಂತಿದ್ದೆ.”

ಅಂತಿದ್ದೆ. ಖಂಡಿತ ಅಂತಿದ್ದೆ. ಅದಕ್ಕೇ ಸಿಟ್ಟು ನೆತ್ತಿಗೇರಿತು.

ಮೆಟ್ಟಿಲನ್ನು ನಕ್ಷೆಯಲ್ಲಿದ್ದ ಹಾಗೆ ಒಳಗೆ ತರಬಹುದೇ ಎಂದು ಮೇಸ್ತ್ರಿಯನ್ನು ಕರೆಸಿ ಕೇಳಿದೆ. ಈಗ ಅಲ್ಲಿ ತೊಲೆ ಅಡ್ಡ ಬಂದಿದೆ, ಕೊರೆದರೆ ಮೇಲಿನ ಮನೆಗೇ ಅಪಾಯ ಎಂದ. ಅಂಗಳದಲ್ಲೇ ಸುತ್ತುಮೆಟ್ಟಿಲು ಎಂದರೆ ಅಂಗಳವೇ ಇಲ್ಲ, ಅದನ್ನೂ ನಾನು ಹಾಲಿಗೆ ಸೇರಿಸಿಕೊಂಡಿದ್ದೆ. ಆಗ ಅಕ್ಕ ಒಂದು ದಾರಿ ಹೇಳಿದಳು. ನಮ್ಮಿಬ್ಬರ ಮನೆಗೂ ನಡುವಿನ ಗೋಡೆ ಒಂದೇ. ಅವಳ ಮೆಟ್ಟಿಲು ಜಗಲಿಯಿಂದ ಹತ್ತಿ ಮೇಲೆ ಆ ಗೋಡೆಯ ಪಕ್ಕಕ್ಕೇ ಮುಗಿಯುತ್ತದೆ. ಅಲ್ಲೊಂದು ಬಾಗಿಲು ಒಡೆದರೆ ಅವಳ ಮೆಟ್ಟಿಲು ಹತ್ತಿ ನನ್ನ ತರಗತಿಗೆ ಹೋಗಬಹುದು. ಇಬ್ಬರೂ ಒಪ್ಪಿ ಬರೆದುಕೊಟ್ಟರೆ ತಿದ್ದಿದ ನಕ್ಷೆ ಮಂಜೂರು ಮಾಡಬಹುದು ಎಂದು ಎಂಜಿನಿಯರೂ ಹೇಳಿದರು. ಅದನ್ನೂ ಅವಳೇ ಮುಂಚೆ ಹೋಗಿ ಕೇಳಿಕೊಂಡು ಬಂದಿದ್ದಳು.

ಬೇಡ ಎಂದೆ. ಯೋಚಿಸಿದಷ್ಟೂ ಬೇಡವಾಯಿತು. ನನ್ನ ಹುಡುಗಿಯರು ಅವಳ ಡೇಲಿಯಾ ದಾಟಿ, ಅವಳ ಜಗಲಿ ಹತ್ತಿ, ಅವಳ ಗ್ರಾನೈಟ್ ಮೆಟ್ಟಿಲು ತುಳಿದು ಬರಬೇಕು. ಅವಳು ನಿಂತು ಎಲ್ಲರನ್ನೂ ಮಾತಾಡಿಸುತ್ತಾಳೆ, ಕಾಫಿ ಕೊಡುತ್ತಾಳೆ. ಅವಳ ಕಾಫಿ ಚೆನ್ನಾಗಿರುತ್ತದೆ ಕೂಡ. ಆಮೇಲೆ ಮೇಲಿನ ತರಗತಿಯೂ ಅವಳದ್ದೇ, ನಾನು ಅಲ್ಲಿ ಕೆಲಸಕ್ಕೆ ಬರುವವಳು ಎಂದು ಊರು ಹೇಳುತ್ತದೆ. ಆ ಮೇಲಿನ ಮನೆಯೊಂದೇ ನಾನು ಅಕ್ಕನ ತಂಗಿಯಾಗದೆ ಕೂರುವ ಜಾಗವಾಗಿತ್ತು. ಅದಕ್ಕೂ ಅವಳ ಬಾಗಿಲಿನಿಂದಲೇ ಹೋಗಬೇಕೇ?

“ಹಾಗಾದ್ರೆ ಕ್ಲಾಸ್ ಮುಚ್ಚು” ಎಂದರು ಮನೆಯವರು. “ಮೆಷಿನ್‌ಗಳನ್ನು ಕಿಟಕಿಯಿಂದ ಹಗ್ಗ ಕಟ್ಟಿ ಇಳಿಸುವ.”

ತರಗತಿ ಮುಚ್ಚುವುದಕ್ಕೂ ಒಂದು ಹಂತಕ್ಕೆ ಮನಸ್ಸು ಮಾಡಿದ್ದೆ. ಅಷ್ಟರಲ್ಲಿ ಒಂದು ಹುಡುಗಿ ಕತ್ತರಿ ಹಿಡಿದುಕೊಂಡೇ ಹೇಳಿದಳು, “ಬಸ್ ಸ್ಟ್ಯಾಂಡ್ ಹತ್ರ ಇನ್ನೊಬ್ರು ಶುರು ಮಾಡಿದಾರಂತೆ ಟೀಚರ್. ಅಲ್ಲಿ ಎಂಬ್ರಾಯ್ಡರಿನೂ ಹೇಳಿಕೊಡ್ತಾರಂತೆ.” ಯಾರೆಂದು ವಿಚಾರಿಸಿದೆ. ನನ್ನ ಹತ್ತಿರವೇ ಕಲಿತು, ಕೊರಳಿನ ಪಟ್ಟಿ ಕೊನೆಯವರೆಗೂ ನೆಟ್ಟಗೆ ಹೊಲಿಯಲು ಬಾರದೆ ಹೋದವಳು. ಅವಳಿಗೆ ಎಂಬ್ರಾಯ್ಡರಿ! ಒಂದು ಹೊಟ್ಟೆಕಿಚ್ಚು ಇನ್ನೊಂದನ್ನು ಗೆದ್ದಿತು. ಅವತ್ತು ಸಂಜೆಯೇ ಹೋಗಿ ಅಕ್ಕನಿಗೆ ಆಗಲಿ ಎಂದೆ. ಅವಳು ಯಾಕೆ, ಏನು ಎಂದು ಕೇಳಲಿಲ್ಲ. ಕೇಳಿದ್ದರೆ ನಾಲ್ಕು ಮಾತಾಡಬಹುದಿತ್ತು.

ಮೆಟ್ಟಿಲು ಒಡೆಯುವ ದಿನ ಓಣಿಯ ಜನವೆಲ್ಲ ನೋಡಲು ನಿಂತರು. ನಾನೂ ನಿಂತೆ. ಎಲ್ಲ ತೆಗೆದ ಮೇಲೆ ಕೆಳಗೆ ಆ ಹಳೆಯ ಚಪ್ಪಡಿ ಸಿಕ್ಕಿತು, ಕುಳಿಗಳ ಸಾಲು ಹಾಗೇ ಇತ್ತು. ಚರಂಡಿ ಕೆಲಸದವರು ಅದನ್ನು ಕಿತ್ತು ಬದಿಗೆ ಎಸೆದರು. ಅಕ್ಕ ಇಬ್ಬರನ್ನು ಹಿಡಿದು ಅದನ್ನು ಎತ್ತಿಸಿಕೊಂಡು ಹೋಗಿ ತನ್ನ ಡೇಲಿಯಾ ಪಕ್ಕದಲ್ಲಿ ಹಾಕಿಸಿದಳು. ನನ್ನ ಪಾಲಿನ ಕಲ್ಲು ಅದು. ಅದನ್ನು ಎತ್ತಿಡಬೇಕೆಂದು ನನಗೆ ಹೊಳೆದೇ ಇರಲಿಲ್ಲ, ಆದರೂ ಅವಳು ಒಯ್ದಾಗ ಬೇಕೆನಿಸಿತು.

ಇನ್ನು ಬಾಗಿಲು. ಎರಡು ಮನೆಗಳ ನಡುವಿನ ಬಾಗಿಲು ಎಂದ ಮೇಲೆ ಚಿಲಕ ಎಲ್ಲಿ ಎಂಬುದೇ ದೊಡ್ಡ ಪ್ರಶ್ನೆ. ಅವಳ ಕಡೆ ಚಿಲಕವಿದ್ದರೆ, ಅವಳು ಹಾಕಿಕೊಂಡು ಜಾವಳಿಗೆ ಹೋದ ದಿನ ನನ್ನ ತರಗತಿ ಇಲ್ಲ. ಅದಕ್ಕೆ ಎರಡೂ ಕಡೆ ಬೇಕು, ಅಥವಾ ಎರಡೂ ಕಡೆ ಬೇಡ ಎಂದು ವಾದ ಮಾಡಲು ಮಾತುಗಳನ್ನೆಲ್ಲ ಜೋಡಿಸಿಟ್ಟುಕೊಂಡಿದ್ದೆ. ಸುಣ್ಣದ ಗೆರೆ ಎಳೆದ ದಿನದಿಂದ ಬಾಕಿಯಿದ್ದ ಮಾತುಗಳೂ ಅದರಲ್ಲಿ ಇದ್ದವು. ಆಚಾರಿ ಬಾಗಿಲು ತಂದ ದಿನ ಮೇಲೆ ಹೋದೆ. ಆಗಲೇ ಬಾಗಿಲು ನಿಂತಿತ್ತು. ಚಿಲಕ ನನ್ನ ಕಡೆ ಮಾತ್ರ ಇತ್ತು. ಅವಳ ಕಡೆ ಹಿಡಿಯಲು ಒಂದು ಹಿಡಿಕೆ ಬಿಟ್ಟರೆ ಏನಿಲ್ಲ.

“ಆ ಕಡೆದು ಮರ್ತ್ರಾ?” ಎಂದು ಆಚಾರಿಯನ್ನು ಕೇಳಿದೆ.

“ಅವರು ಬೇಡ ಅಂದ್ರು. ತಂಗಿ ಕಡೆಗೆ ಹಾಕಿ ಸಾಕು, ಅವಳಿಗೆ ಬೇಕಾದಾಗ ಹಾಕ್ಕೊಳ್ಲಿ ಅಂದ್ರು” ಎಂದು ಆತ ಉಳಿ, ಸುತ್ತಿಗೆ ಚೀಲಕ್ಕೆ ಹಾಕಿಕೊಂಡ.

ಆ ಚಿಲಕವನ್ನು ಒಮ್ಮೆ ಹಾಕಿ, ಒಮ್ಮೆ ತೆಗೆದು ನೋಡಿದೆ. ಬೆಳಕಿನ ಹಾಲ್ ಅವಳಿಗೆ, ಬಂಗಾರದ ರಸ್ತೆ ಅವಳಿಗೆ, ತಟ್ಟೆಯಗಲದ ಹೂವು ಅವಳಿಗೆ. ಹೋಗಲಿ ಎಂದು ಅದನ್ನೆಲ್ಲ ಹೇಗೋ ನುಂಗಿಕೊಂಡಿದ್ದೆ. ಈಗ ಒಳ್ಳೆಯವಳು ಎನಿಸಿಕೊಳ್ಳುವ ಪಾಲೂ ಅವಳಿಗೇ ಹೋಗಿತ್ತು. ಅದನ್ನು ನನ್ನಿಂದ ನುಂಗಲಾಗಲಿಲ್ಲ.

ಮರುದಿನ ಅಕ್ಕ ಅತಿಥಿಗಳಿಗೆ ತಿಂಡಿ ಬಡಿಸುವ ಹೊತ್ತಿನಲ್ಲಿ, ಹೊಲಿಗೆ ಮೆಷಿನ್ನಿನ ಡಬ್ಬಿಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು ಹೋಗಿ ನನ್ನ ಕಡೆಯ ಚಿಲಕವನ್ನು ನಾನೇ ಬಿಚ್ಚಿದೆ. ಅವಳೊಬ್ಬಳೇ ದೊಡ್ಡ ಮನಸ್ಸಿನವಳಾಗುವುದು ಬೇಡ. ಚಿಲಕವಿಲ್ಲದ ಬಾಗಿಲು ತಳ್ಳಿಕೊಂಡು ಹುಡುಗಿಯರು ಬಂದರು, ತರಗತಿ ಶುರುವಾಯಿತು. ನಾನು ಅಕ್ಕ ಬಂದು ನೋಡುವುದನ್ನೇ ಕಾಯುತ್ತಿದ್ದೆ. ಏನಾದರೂ ಹೇಳಬೇಕಲ್ಲ, ಕಣ್ಣಲ್ಲಿ ನೀರು ತರದಿದ್ದರೂ ಒಂದು ಒಳ್ಳೆಯ ಮಾತು.

ಮಧ್ಯಾಹ್ನದ ಹೊತ್ತಿಗೆ ಹುಡುಗಿಯರಿಗೆಲ್ಲ ಕಾಫಿ ಹಿಡಿದುಕೊಂಡು ಬಂದಳು. ತಟ್ಟೆಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಬಾಗಿಲು ಸವರಿ ನೋಡಿದಳು. ಚಿಲಕವಿದ್ದ ಜಾಗದಲ್ಲಿ ಸ್ಕ್ರೂಗಳ ತೂತು ಕಾಣುತ್ತಿತ್ತು.

“ಇದಕ್ಕೆ ಮೇಣ ತುಂಬ್ಸು ಮಾರಾಯ್ತಿ” ಎಂದಳು. “ಇಲ್ಲಾಂದ್ರೆ ಮೊದ್ಲು ಇಲ್ಲೊಂದು ಚಿಲಕ ಇತ್ತು ಅಂತ ಎಲ್ರಿಗೂ ಗೊತ್ತಾಗ್ತದೆ.”

ಮೊದಲ ಲೋಟ ನನಗೇ ಕೊಟ್ಟಳು. ಕಾಫಿ ಚೆನ್ನಾಗಿತ್ತು.